ಮಸಿನಗುಡಿ: ನಮ್ಮ ಪಂಚಾಯತಿಯ ಪರಿಚಯ



ಮೈಸೂರಿನಿಂದ ಊಟಿ ಬಸ್ಸು ಹತ್ತಿ ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಕೆಕ್ಕನಹಳ್ಳದ ಚೆಕ್‌ಪೋಸ್ಟಿನಲ್ಲಿ ಕರ್ನಾಟಕ ಮುಗಿಯುತ್ತದೆ. ಮುಂದೆ ತೆಪ್ಪಕಾಡಿನಲ್ಲಿ ರಸ್ತೆ ಕವಲೊಡೆಯುತ್ತದೆ. ಬಲಕ್ಕೆ ಹೋದರೆ ಗೂಡಲೂರು, ಎಡಕ್ಕೆ ಹೋದರೆ ಮಸಿನಗುಡಿ. ಇವತ್ತು ಈ ಮಸಿನಗುಡಿ ಪಂಚಾಯತಿಯ ನೆಲ ಮತ್ತು ಚರಿತ್ರೆಯ ವಿಚಾರ ನಾಲ್ಕು ಮಾತು ಹೇಳುತ್ತೇನೆ.

ಮಸಿನಿಯಮ್ಮನ ಗುಡಿ ಇರುವುದರಿಂದ ಊರಿಗೆ ಈ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಸುತ್ತಲಿನ ಹೆಸರುಗಳನ್ನು ಕೇಳಿ: ಮಾವನಹಳ್ಳ, ಚೊಕ್ಕನಹಳ್ಳಿ, ಬೊಕ್ಕಾಪುರ, ಸಿರಿಯೂರು, ಆನೆಕಟ್ಟಿ. ಬೋರ್ಡು ತಮಿಳಿನಲ್ಲಿದ್ದರೂ ಹೆಸರು ನಮ್ಮ ಕಿವಿಗೆ ಹೊಸದಲ್ಲ. ಇರುಳರು, ಕುರುಬರು, ಬಡಗರು ಇಲ್ಲಿ ಬಹಳ ಕಾಲದಿಂದ ಇದ್ದಾರೆ. ಬಡಗ ಎಂದರೆ ಉತ್ತರದವನು, ಮೈಸೂರು ಸೀಮೆಯಿಂದ ಬಂದವನು ಎಂದರ್ಥ.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ನೀಲಗಿರಿಯನ್ನು ಗೆದ್ದ ಸಂಗತಿ 1117ರ ಚಾಮರಾಜನಗರದ ಶಾಸನದಲ್ಲಿದೆ. ಮುಂದೆ ಈ ಸೀಮೆ ಮೈಸೂರಿನ ಕೈಯಲ್ಲಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕುಂಪಣಿಗೆ ಸೇರಿ, ಕೊಯಮತ್ತೂರಿನ ಆಡಳಿತಕ್ಕೆ ಒಳಪಟ್ಟಿತು. 1868ರಲ್ಲಿ ನೀಲಗಿರಿಯ ಆಡಳಿತ ಬೇರೆಯಾಯಿತು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ನಾವು ಮದರಾಸಿನಲ್ಲೇ ಉಳಿದೆವು. ಗಡಿ ಸರಿದಾಡಿತು, ಜನ ಇದ್ದಲ್ಲೇ ಇದ್ದರು.

ಇನ್ನು ನೆಲದ ವಿಚಾರ. ದಕ್ಷಿಣಕ್ಕೆ ಗೋಡೆಯಂತೆ ನಿಂತ ನೀಲಗಿರಿ, ಉತ್ತರಕ್ಕೆ ಮೋಯಾರು ನದಿಯ ಆಳವಾದ ಕಮರಿ. ನಡುವಿನ ಪಟ್ಟಿಯೇ ಸೀಗೂರು ಪ್ರಸ್ಥಭೂಮಿ. ಮುಂಗಾರು ಮೋಡ ಗೂಡಲೂರಿನ ಮೇಲೆ ಸುರಿದು ನಮ್ಮ ಕಡೆಗೆ ಬರುವಾಗ ಬರಿದಾಗಿರುತ್ತದೆ. ಆದ್ದರಿಂದ ಅಲ್ಲಿ ಟೀ ತೋಟ, ಇಲ್ಲಿ ಮುಳ್ಳುಕಾಡು ಮತ್ತು ದನಕರು. ಒಂದು ಕಾಲಕ್ಕೆ ಇಲ್ಲಿನ ಸಗಣಿ ಗೊಬ್ಬರ ಲಾರಿಯಲ್ಲಿ ಕೇರಳದ ತೋಟಗಳಿಗೂ ಹೋಗುತ್ತಿತ್ತು.

ಬೆಟ್ಟ ಮಳೆಯನ್ನು ತಡೆದರೂ ಕರೆಂಟು ಕೊಟ್ಟಿತು. ಪೈಕಾರಾದ ನೀರನ್ನು ಕೊಳವೆಯಲ್ಲಿ ಸಿಂಗಾರಕ್ಕೆ ಇಳಿಸಿ 1932ರಲ್ಲಿ ವಿದ್ಯುತ್ ತೆಗೆದರು. ಅದೇ ನೀರಿನಿಂದ 1950ರ ದಶಕದಲ್ಲಿ ಮೋಯಾರು ಪವರ್‌ಹೌಸ್ ನಡೆಯಿತು. ಆ ಕೆಲಸಕ್ಕೆ ಬಂದ ಎಷ್ಟೋ ಸಂಸಾರಗಳು ಇಲ್ಲೇ ನೆಲೆಯಾದವು, ಊರು ಬೆಳೆಯಿತು.

ಆದರೆ ಬೆಟ್ಟಕ್ಕೂ ಕಮರಿಗೂ ನಡುವಿನ ಇದೇ ಪಟ್ಟಿ ಆನೆಗಳಿಗೂ ದಾರಿ. ಪಶ್ಚಿಮ ಘಟ್ಟದಿಂದ ಪೂರ್ವ ಘಟ್ಟಕ್ಕೆ ಹೋಗುವ ಆನೆ ಬೆಟ್ಟ ಹತ್ತಲಾರದು, ಕಮರಿ ಇಳಿಯಲಾರದು. ನಮ್ಮ ಹೊಲದ ಬದಿಯಲ್ಲೇ ಹೋಗಬೇಕು. ರೆಸಾರ್ಟುಗಳೂ ಬೇಲಿಗಳೂ ಹೆಚ್ಚಾದಾಗ ವಿಷಯ ಕೋರ್ಟು ಹತ್ತಿತು. ತಮಿಳುನಾಡು ಸರ್ಕಾರ 2010ರಲ್ಲಿ ಆನೆದಾರಿಯನ್ನು ಘೋಷಿಸಿತು. 2011ರಲ್ಲಿ ಹೈಕೋರ್ಟು, 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದವು. ಜಮೀನಿನವರ ತಕರಾರು ಕೇಳಲು ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇತೃತ್ವದ ಸಮಿತಿಯೂ ಆಯಿತು.

ಆನೆಗೆ ದಾರಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಾಭಕ್ಕೆಂದು ಕಟ್ಟಿದ ರೆಸಾರ್ಟೂ ತಲೆಮಾರಿನಿಂದ ಇರುವ ಇರುಳರ ಗುಡಿಸಲೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ನಾವೇ ಎತ್ತಿ ಹೇಳಬೇಕು. ಬಾಯಿಮಾತು ಸಾಲದು, ಕಾಗದ ಬೇಕು. ಪಟ್ಟಾ, ಮನೆ ತೆರಿಗೆ ರಸೀದಿ, ಹಳೆಯ ರೇಷನ್ ಕಾರ್ಡು, ಎಲ್ಲವನ್ನೂ ಒಂದು ಕಡೆ ಜೋಪಾನವಾಗಿಡಿ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಆದಿವಾಸಿಗಳ ಅರ್ಜಿ ಮೊದಲು ಗ್ರಾಮಸಭೆಗೇ ಬರಬೇಕು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಈ ದಿನಗಳಲ್ಲಿ ಪಂಚಾಯತಿಯ ಗ್ರಾಮಸಭೆ ಸೇರುತ್ತದೆ. ತಮಿಳಿನಲ್ಲಿ ಮಾತಾಡಲು ಸಂಕೋಚವಾದರೆ ಪಕ್ಕದವರನ್ನು ಕರೆದುಕೊಂಡು ಹೋಗಿ. ಹೋಗದೆ ಮಾತ್ರ ಇರಬೇಡಿ.