ಶಯ್ಯಾಗತರ ಸೇವೆಯಲ್ಲಿ ಧರ್ಮಸಂಕಟ

(ಶತಮಾನೋತ್ಸವದ ಪ್ರಯುಕ್ತ ಏರ್ಪಟ್ಟ ರೋಗಿಗಳ ದಿನದಂದು ಮಾಡಿದ ಭಾಷಣ)



ವೃದ್ಧಾಶ್ರಮಗಳಲ್ಲಾಗಲಿ ಮನೆಗಳಲ್ಲಾಗಲಿ ಬಹುಕಾಲ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಮರಣ ಸಮೀಪಿಸಿದ ವೃದ್ಧ ತಾಯಿ, ಮತ್ತೆ ಆಸ್ಪತ್ರೆ ಬೇಡವೆನ್ನುತ್ತಾರೆ. ಮಕ್ಕಳು ಉಸಿರಾಟದ ಯಂತ್ರವಾದರೂ ಸರಿ, ಬೇಕೆನ್ನುತ್ತಾರೆ. ಬೇಡವೆಂದರೆ ಕೊಂದ ಪಾಪ ಬಂದೀತೆಂಬ ಭಯ. ಬೇಕೆಂದರೆ ಸಂಕಟವನ್ನು ಬೆಳೆಸಿದೆವೆಂಬ ಅಳುಕು.

ಈ ಭಯಕ್ಕೆ ಧರ್ಮಸಭೆಯು ಉತ್ತರ ಕೊಟ್ಟಿದೆ. 1957ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್‌ರವರು ವೈದ್ಯರನ್ನುದ್ದೇಶಿಸಿ, ಪ್ರಾಣರಕ್ಷಣೆಗೆ ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯವೆಂದೂ, ಅತಿಯಾದ ಹೊರೆಯಾಗುವ ಅಸಾಮಾನ್ಯ ಸಾಧನಗಳು ಕಡ್ಡಾಯವಲ್ಲವೆಂದೂ ತಿಳಿಸಿದರು. 1980ರ ವ್ಯಾಟಿಕನ್ ಘೋಷಣೆಯು ಇದನ್ನೇ ವಿಸ್ತರಿಸಿತು. ಸಾವನ್ನು ಬರಮಾಡುವುದು ಬೇರೆ. ತಡೆಯಲಾಗದ ಸಾವನ್ನು ದೇವರ ಕೈಯಿಂದ ಸ್ವೀಕರಿಸುವುದು ಬೇರೆ. ನೋವಿನ ಉಪಶಮನಕ್ಕೆಂದೇ ಕೊಟ್ಟ ಔಷಧಿಯಿಂದ ಆಯುಸ್ಸು ತುಸು ಕುಗ್ಗಬಹುದಾದರೂ, ಕೊಲ್ಲುವ ಉದ್ದೇಶವಿಲ್ಲದ್ದರಿಂದ ಅದು ಕೊಲೆಯಲ್ಲ.

ಆದರೆ ಒಂದು ಮಾತನ್ನು ಮರೆಯಬಾರದು. ಚಿಕಿತ್ಸೆಗೆ ಮಿತಿಯುಂಟು, ಆರೈಕೆಗೆ ಮಿತಿಯಿಲ್ಲ. ಅನ್ನನೀರನ್ನು ನಳಿಕೆಯ ಮೂಲಕ ಕೊಟ್ಟರೂ, ಅದು ದೇಹಕ್ಕೆ ಹತ್ತುವವರೆಗೆ ತಾತ್ತ್ವಿಕವಾಗಿ ಕರ್ತವ್ಯವೇ ಎಂದು 2004ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಬೋಧಿಸಿದರು. ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಒಣಗಿದ ತುಟಿಯನ್ನು ತೇವಗೊಳಿಸುವುದು, ಇವು ಕೊನೆಯ ಉಸಿರಿನವರೆಗೂ ನಿಲ್ಲಬಾರದು. ಯಂತ್ರ ಬೇಡವೆಂದವರು ಹಾಸಿಗೆಯ ಪಕ್ಕದ ಕುರ್ಚಿಯನ್ನು ಬರಿದಾಗಿ ಬಿಡಬಾರದು.

ನಿರ್ಧರಿಸಬೇಕಾದವರು ಯಾರು? ಬುದ್ಧಿ ಸ್ಥಿಮಿತದಲ್ಲಿರುವವರೆಗೆ ರೋಗಿಯೇ. ಅವರಿಂದ ಸತ್ಯವನ್ನು ಮರೆಮಾಚಿ ಮಕ್ಕಳು ತಮ್ಮೊಳಗೇ ತೀರ್ಮಾನಿಸುವುದು ಪ್ರೀತಿಯಂತೆ ಕಂಡರೂ ನ್ಯಾಯವಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ, ಅಂತ್ಯಕಾಲದ ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಬರೆದಿಡುವ ಇಚ್ಛಾಪತ್ರಕ್ಕೆ ಮಾನ್ಯತೆ ನೀಡಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಧರ್ಮಬೋಧನೆಗೆ ವಿರುದ್ಧವಾಗದಂತೆ ಅದನ್ನು ಬರೆದಿಡುವುದರಲ್ಲಿ ತಪ್ಪಿಲ್ಲ. ಹಾಗೆಯೇ ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ, ಪ್ರಜ್ಞೆ ತಪ್ಪುವವರೆಗೆ ಕಾಯದೆ ಗುರುಗಳನ್ನು ಕರೆಯಿರಿ.

1839ರ ಚಳಿಗಾಲದಲ್ಲಿ ಫ್ರಾನ್ಸ್ ದೇಶದ ಬಡ ಮಹಿಳೆ ಜೀನ್ ಜುಗಾನ್, ಅನಾಥಳಾದ ಒಬ್ಬ ಕುರುಡು ವೃದ್ಧೆಯನ್ನು ಮನೆಗೆ ತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಅದರಿಂದ ಹುಟ್ಟಿದ ಕನ್ಯಾಸ್ತ್ರೀಯರ ಸಭೆಯ ವೃದ್ಧಾಶ್ರಮ ಬೆಂಗಳೂರಿನಲ್ಲಿಯೂ ಇದೆ. 2009ರಲ್ಲಿ ಆಕೆ ಸಂತಳೆಂದು ಘೋಷಿತಳಾದಳು. ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನದಲ್ಲಿ, ಶಯ್ಯಾಗತರಾದ ಯಾರೊಬ್ಬರೂ ಒಂಟಿಯಾಗಿ ಕಣ್ಣು ಮುಚ್ಚದಂತೆ ನೋಡಿಕೊಳ್ಳುವ ಕೃಪೆಯನ್ನು ದೇವರು ನಮಗೆ ದಯಪಾಲಿಸಲಿ.