ಹೊರುವ ನಾಲ್ವರು



ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದರು. ಯೇಸುಸ್ವಾಮಿ ಅವರ ನಂಬಿಕೆಯನ್ನು ನೋಡಿದನು.

ಕ್ಯಾನ್ಸರ್ ಬಂದ ಮನೆಗೂ ಹೊರುವವರು ಬೇಕು. ಅದು ಅಂಟುರೋಗವಲ್ಲ, ಪಾಪದ ಶಿಕ್ಷೆಯೂ ಅಲ್ಲ. ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಹಲವು ವಾರ ನಡೆಯುತ್ತದೆ. ಅಷ್ಟು ದಿನವೂ ಕೂಲಿ ಇಲ್ಲ. ಎಷ್ಟೋ ಬಡವರ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಇದರಿಂದಲೇ.

ಗೋವಾ ಸರ್ಕಾರ 2016ರಲ್ಲಿ ಆರಂಭಿಸಿದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ಆಸ್ಪತ್ರೆ ಖರ್ಚಿಗೆ ನೆರವಾಗುತ್ತದೆ. ಅದಕ್ಕೆ ಗೋವಾದಲ್ಲಿ 5 ವರ್ಷ ವಾಸವಿದ್ದ ದಾಖಲೆ ಬೇಕು. ಕರ್ನಾಟಕದಿಂದ ಕೂಲಿಗೆ ಬಂದ ನಮ್ಮವರು ಇದನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಕಾರ್ಡಿದ್ದರೂ ಮನೆಯ ಅಕ್ಕಿಗೆ ದುಡ್ಡು ಬೇಕಲ್ಲವೇ?

ಆದುದರಿಂದ ನಾವು ನಾಲ್ವರಾಗೋಣ. ಒಬ್ಬರು ಬಾಂಬೋಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಜೊತೆಯಲ್ಲಿ ಹೋಗಲಿ; ಒಬ್ಬರು ಮಕ್ಕಳಿಗೆ ಗಂಜಿ ಕಾಯಿಸಲಿ; ಒಬ್ಬರು ಕಾಗದಪತ್ರ ನೋಡಲಿ; ಒಬ್ಬರು ಸಂಜೆ ಆ ಮನೆಯಲ್ಲೇ ಕುಳಿತು ಪ್ರಾರ್ಥಿಸಲಿ. ಸಂಬಳದ ದಿನ ಕೈಲಾದಷ್ಟು ಕಾಣಿಕೆ ಕೂಡಿಸಿ ಲೆಕ್ಕ ಬರೆದಿಡೋಣ. ಪಡೆದವರ ಹೆಸರು ಸಾರದಿರೋಣ. ಪ್ರಾರ್ಥನೆಯಿದೆ, ಔಷಧ ಬೇಡವೆಂದು ಯಾರಿಗೂ ಹೇಳದಿರೋಣ.

ರೋಗ ಗುಣವಾಗದಿದ್ದರೂ ಹೊತ್ತ ಹಾಸಿಗೆಯನ್ನು ನಡುದಾರಿಯಲ್ಲಿ ಇಳಿಸಬಾರದು. ಕರ್ತನು ನಮಗೆ ಬಲ ಕೊಡಲಿ. ಆಮೆನ್.