ಯಾರ ಯುದ್ಧ, ಯಾರ ಹೆಣ

(ದೊಡ್ಡಬಳ್ಳಾಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಿಮ್ಮ ಚರಿತ್ರೆ ಪುಸ್ತಕದಲ್ಲಿ ಮಹಾಯುದ್ಧಕ್ಕೆ ನಾಲ್ಕೈದು ಪುಟ. ಈ ಕೂಟದಲ್ಲಿ ಬ್ರಿಟನ್, ಫ್ರಾನ್ಸ್, ರಷ್ಯಾ. ಆ ಕೂಟದಲ್ಲಿ ಜರ್ಮನಿ, ಆಸ್ಟ್ರಿಯಾ-ಹಂಗರಿ, ತುರ್ಕಿ. 1914ಕ್ಕೆ ಶುರು, 1918ಕ್ಕೆ ಮುಕ್ತಾಯ, 1919ಕ್ಕೆ ವರ್ಸೇಲ್ಸ್ ಒಪ್ಪಂದ. ಐದು ಮಾರ್ಕಿನ ಪ್ರಶ್ನೆ. ನಾವೂ ಹೀಗೇ ಉರು ಹೊಡೆದು ಬಿ.ಎ. ಮುಗಿಸಿದೋರೇ. ಆಗ ನಮ್ಮ ಕೇರಿ ಎಲ್ಲಿತ್ತು ಅಂತ ಮೇಷ್ಟ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆಗ ಈ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಲ್ಲ ಮೈಸೂರು ಸಂಸ್ಥಾನ. ಬ್ರಿಟಿಷರ ಯುದ್ಧದ ಖರ್ಚಿಗೆ ಸಂಸ್ಥಾನ 50 ಲಕ್ಷ ರೂಪಾಯಿ ಕೊಟ್ಟಿತು. ಆ ದುಡ್ಡು ಅರಮನೆಯ ಗೋಡೆ ಕೆರೆದು ತೆಗೆದದ್ದಲ್ಲ, ಹೊಲದಲ್ಲಿ ಬೆಳೆದದ್ದು. ಸಂಸ್ಥಾನದ ಕುದುರೆ ದಂಡು ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಪ್ಯಾಲೆಸ್ಟೈನಿನ ಹೈಫಾ ಪಟ್ಟಣ ಗೆದ್ದಿತು. ಎದುರಿಗೆ ಮಶಿನ್‌ಗನ್ನು, ಇವರ ಕೈಯಲ್ಲಿ ಈಟಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕದ ಕಂಬ ನಿಂತಿದೆ. ಹೋಗಿ ನೋಡಿ. ಸತ್ತವರನ್ನ ನಾವು ಹಗುರ ಮಾಡುವುದಿಲ್ಲ.

ನಮ್ಮ ಮಾತು ಕಂಬ ಸಿಗದವರದು. 1818ರಲ್ಲಿ ಕೋರೆಗಾಂವ್‌ನಲ್ಲಿ ಪೇಶ್ವೆ ದಂಡನ್ನು ತಡೆದು ನಿಂತವರಲ್ಲಿ ಮಹಾರರಿದ್ದರು. ಬಾಬಾಸಾಹೇಬರ ತಂದೆ ಅದೇ ಸೈನ್ಯದಲ್ಲಿ ಸುಬೇದಾರ್. ಆದರೆ 1890ರ ದಶಕದಲ್ಲಿ ಬ್ರಿಟಿಷರು 'ವೀರ ಜಾತಿ' ಅನ್ನೋ ಲೆಕ್ಕ ತೆಗೆದು ಮಹಾರರಿಗೆ ಬಾಗಿಲು ಹಾಕಿದರು. ಮಹಾಯುದ್ಧಕ್ಕೆ ಆಳು ಸಾಲದೆ ಬಂದಾಗ, 1917ರಲ್ಲಿ, 111ನೇ ಮಹಾರ್ ಪಲ್ಟನ್ ಎದ್ದಿತು. 1921ಕ್ಕೆ ಅದನ್ನೂ ಮುಚ್ಚಿದರು. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಯಾರನ್ನೂ ಕೇಳದೆ ಇಂಡಿಯಾವನ್ನು ಮತ್ತೆ ಯುದ್ಧಕ್ಕೆ ನೂಕಿದ. 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಹುಟ್ಟಿತು. 1943ರಲ್ಲಿ ಚಮಾರ್ ರೆಜಿಮೆಂಟ್ ಕಟ್ಟಿ ಬರ್ಮಾ ಕಡೆ ಕಳಿಸಿದರು, 1946ಕ್ಕೆ ಅದನ್ನೂ ಬರಖಾಸ್ತು ಮಾಡಿದರು. ಮುಟ್ಟಿದರೆ ಮೈಲಿಗೆ ಅನ್ನೋ ದೇಶ ಸಾಯೋಕೆ ಆಳು ಬೇಕಾದಾಗ ಮೈಲಿಗೆ ಮರೀತದೆ. ಗುಂಡು ನಿಂತ ಮಾರನೇ ದಿನ ಜ್ಞಾಪಕ ಬರ್ತದೆ.

ಹಂಗಾದ್ರೆ ಬಾಬಾಸಾಹೇಬರು ದಂಡಿಗೆ ಸೇರಿ ಅಂತ ಯಾಕೆ ಕರೆ ಕೊಟ್ಟರು? ಈ ಪ್ರಶ್ನೆಗೆ ನಮ್ಮ ನಮ್ಮಲ್ಲೇ ರಾತ್ರಿಯೆಲ್ಲ ಜಗಳ ಆಗಿದೆ. ಬಡವರ ಮಕ್ಕಳನ್ನ ಸಾಮ್ರಾಜ್ಯದ ತೋಪಿಗೆ ಕೊಡಬೇಕಿತ್ತೇ ಅನ್ನೋರು ನಮ್ಮಲ್ಲಿದ್ದಾರೆ, ಅವರ ಸಂಕಟ ಸುಳ್ಳಲ್ಲ. ಆದರೆ ಹುಟ್ಟಿನಿಂದಲೇ ಒಬ್ಬ ಮೇಲು, ಒಬ್ಬ ಕೀಳು ಅಂತ ಹಿಟ್ಲರ್ ಹೇಳಿದ್ದು ನಮಗೆ ಹೊಸದಾ? ಮನು ಮೊದಲೇ ಹೇಳಿದ್ದ. ಅವನು ಗೆದ್ದಿದ್ದರೆ ನಮ್ಮ ಗತಿ ಏನಾಗ್ತಿತ್ತು ಅಂತ ಬಾಬಾಸಾಹೇಬರಿಗೆ ಗೊತ್ತಿತ್ತು.

ಇನ್ನೊಂದು: ಅವರು ಪುಕ್ಕಟೆ ಏನೂ ಕೊಡಲಿಲ್ಲ. 1942ರ ಜುಲೈನಲ್ಲಿ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹಿಡಿದರು. ಅಕ್ಟೋಬರಿನಲ್ಲೇ ನಮ್ಮ ಕುಂದುಕೊರತೆಗಳ ಮನವಿ ಬರೆದು ವೈಸ್‌ರಾಯ್ ಮುಂದಿಟ್ಟರು. 1943ರಲ್ಲಿ ಕೇಂದ್ರದ ನೌಕರಿಯಲ್ಲಿ ಶೇಕಡ 8.33 ಮೀಸಲಾತಿ ಬಂತು. 1944ರಲ್ಲಿ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ಪು ಬಂತು, ವರ್ಷಕ್ಕೆ 3 ಲಕ್ಷ. ಇಡೀ ದೇಶದ ನಮ್ಮ ಮಕ್ಕಳಿಗೆ 3 ಲಕ್ಷ, ಒಂದು ಸಂಸ್ಥಾನ ಯುದ್ಧಕ್ಕೆ ಕೊಟ್ಟದ್ದು 50 ಲಕ್ಷ! ಆದರೂ ನೀವು ಆಫೀಸಿನ ಕಿಟಕಿ ಮುಂದೆ ಅರ್ಜಿ ಹಿಡಿದು ನಿಲ್ತೀರಲ್ಲ, ಆ ಸ್ಕಾಲರ್‌ಶಿಪ್ಪಿನ ಬೇರು ಅಲ್ಲಿದೆ. ಯಾವ ಗುಮಾಸ್ತನ ಧರ್ಮವೂ ಅಲ್ಲ.

ಯುದ್ಧದ ಹೊಡೆತ ಗಡಿಯಲ್ಲಿ ಮಾತ್ರ ಬೀಳಲಿಲ್ಲ. 1943ರಲ್ಲಿ ಬಂಗಾಳದ ಬರದಲ್ಲಿ ಸುಮಾರು 30 ಲಕ್ಷ ಜನ ಹಸಿದು ಸತ್ತರು. ಅದೇ ವರ್ಷ ಬಟ್ಟೆ, ನೂಲಿನ ಮೇಲೆ ಕಂಟ್ರೋಲ್ ಬಂತು. ಕಂಟ್ರೋಲ್ ಅಂದ್ರೆ ಕಾಳಸಂತೆ. ಉಳ್ಳವನು ಹಿತ್ತಲ ಬಾಗಿಲಲ್ಲಿ ಕೊಂಡ. ಕೂಲಿ ಮಾಡೋನು ಹರಕು ಪಂಚೆಯಲ್ಲೇ ಕಾಲ ಹಾಕಿದ.

ಈ ಸಾರಿ ರಜಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಕೇರಿಯ ಹಿರೀಕರನ್ನ ಕೂರಿಸಿ ಕೇಳಿ: ಅವರಪ್ಪ, ತಾತಂದಿರಲ್ಲಿ ಮಿಲಿಟರಿಗೆ ಹೋದೋರು ಯಾರು? ಎಷ್ಟು ಜನ ವಾಪಸ್ ಬಂದರು? ಪಿಂಚಣಿ ಬಂತಾ? ಜಮೀನು ಕೊಟ್ಟರಾ? ಬೂಟು ಹಾಕ್ಕೊಂಡು ಊರೊಳಗೆ ನಡೆಯೋಕೆ ಬಿಟ್ಟರಾ? ಟೀ ಅಂಗಡೀಲಿ ಯಾವ ಲೋಟ ಕೊಟ್ಟರು? ಹೇಳಿದ್ದನ್ನ ಹೇಳಿದ ಹಾಗೇ ಬರಕೊಂಡು ಬನ್ನಿ, ಪೆನ್ಸಿಲಲ್ಲಾದರೂ ಸರಿ.

ಜೈ ಭೀಮ್.